ತಪ್ಪೇ ಮಾಡದ ಟೈಪಿಸ್ಟ್

ಡುಲ್ಸಿನ್ ಬಾಯಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ಉಡುಪಿಯಲ್ಲಿ ಮೀನುಗಾರಿಕೆ ಬೋಟು ಕಟ್ಟುವ ಕಂಪೆನಿಯಲ್ಲಿ ಆಕೆ ಟೈಪಿಸ್ಟ್, ನಾನು ಸ್ಟೋರ್ ಕೀಪರ್. ಕಾಪುವಿನಿಂದ ಬೆಳಗ್ಗಿನ ಬಸ್ಸಿಗೆ ಬಂದು, ಯಾರ ಮುಖವನ್ನೂ ನೋಡದೆ ಯಂತ್ರದ ಮುಂದೆ ಕೂರುತ್ತಿದ್ದಳು. ನನ್ನ ಚೀಟಿಯಲ್ಲಿ ಒಂದು ಅಕ್ಷರ ತಪ್ಪಿದರೂ ಕೆಂಪು ಪೆನ್ಸಿಲಿನಲ್ಲಿ ಗೀಟು ಎಳೆದು, ಎಲ್ಲರಿಗೂ ಕಾಣುವ ಹಾಗೆ ವಾಪಸು ಕಳಿಸುತ್ತಿದ್ದಳು. "ಹದಿನೆಂಟು ವರ್ಷದಲ್ಲಿ ನನ್ನದು ಒಂದು ತಪ್ಪು ಉಂಟಾ?" ಎಂದು ಕೇಳುವುದು ಬೇರೆ. ಇರಲಿಲ್ಲ. ಅದೇ ನನ್ನ ಹೊಟ್ಟೆಯುರಿ.

ಬೋಟು ಹೇಗಿರಬೇಕೆಂಬ ಇಂಗ್ಲಿಷ್ ನಿಯಮಪುಸ್ತಕವನ್ನು ಆಕೆಯೇ ಟೈಪ್ ಮಾಡಿದ್ದು. ತಪಾಸಣೆಯವರು ನೋಡುತ್ತಿದ್ದುದು ಅದನ್ನೇ. ಮೊದಲ ಪುಟದಲ್ಲೇ ಬರೆದಿತ್ತು: 'ಶಾಲ್' (shall) ಎಂಬ ಪದ ಕ್ಯಾಪಿಟಲ್ ಅಕ್ಷರಗಳಲ್ಲಿದ್ದರೆ ಮಾಡಲೇಬೇಕು, ಸಣ್ಣ ಅಕ್ಷರಗಳಲ್ಲಿದ್ದರೆ ಅದು ಬರೀ ಸಲಹೆ. ಏಳನೇ ಪುಟದಲ್ಲಿ, ಒಳಗೆ ನುಗ್ಗಿದ ನೀರು ಹೊರಹಾಕಲು ಎರಡನೇ ಪಂಪ್ ಇರಬೇಕೆಂಬಲ್ಲಿ ಕ್ಯಾಪಿಟಲ್ ಇತ್ತು.

೧೯೮೩ರ ಮಳೆಗಾಲದಲ್ಲಿ ಬೊಂಬಾಯಿಯಿಂದ ಸಾಕಷ್ಟು ಪಂಪುಗಳು ಬರಲಿಲ್ಲ. ಸೀಸನ್ ಶುರುವಾಗುವ ಮೊದಲು ಒಂದು ಬೋಟು ಕೊಡಬೇಕಿತ್ತು. ಮ್ಯಾನೇಜರ್ ಉಮಾನಾಥರು ಚೀಟಿ ಬರೆದರು: 'ಏಳನೇ ಪುಟ, ಶಾಲ್ ಸಣ್ಣದು ಮಾಡಿ.' ಬಾಯಿ ಪುಟವನ್ನು ಹೊಸದಾಗಿ ಹೊಡೆದಳು. ಆಫೀಸಿನ ಪದ್ಧತಿಯಂತೆ ಅಡಿಯಲ್ಲಿ ಹೇಳಿದವರ ಮತ್ತು ಹೊಡೆದವರ ಇನಿಶಿಯಲ್ ಹಾಕಿ, ಚೀಟಿಯನ್ನು ಕಾರ್ಬನ್ ಪ್ರತಿಗೆ ಗುಂಡುಸೂಜಿಯಿಂದ ಚುಚ್ಚಿ ಫೈಲಿನಲ್ಲಿಟ್ಟಳು. ನಾನು ಸ್ಟೋರಿನಿಂದ ಒಂದೇ ಪಂಪ್ ಕೊಟ್ಟೆ.

ಅಕ್ಟೋಬರಿನಲ್ಲಿ ಹೆಜಮಾಡಿಯ ಆಚೆ ಸಮುದ್ರದಲ್ಲಿ ಆ ಬೋಟಿಗೆ ನೀರು ನುಗ್ಗಿತು. ಇದ್ದ ಒಂದು ಪಂಪೂ ಕೆಟ್ಟು ನಿಂತಿತು. ಉಳಿದವರನ್ನು ಬೇರೆ ಬೋಟಿನವರು ಎತ್ತಿಕೊಂಡರು. ಉಚ್ಚಿಲದ ಲೀಲಾಧರ ಮಾತ್ರ ಸಿಗಲಿಲ್ಲ.

ವಿಚಾರಣೆಯ ಹಿಂದಿನ ದಿನ ಉಮಾನಾಥರು ನನ್ನೆದುರೇ ಹೇಳಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. "ಕೈತಪ್ಪು ಅಂತ ಹೇಳಿ ಬಾಯಿ. ನಿಮ್ಮ ಕೆಲಸಕ್ಕೆ ಎಂತ ಸಹ ಆಗುವುದಿಲ್ಲ."

ಮರುದಿನ ವಿಚಾರಣೆಯಲ್ಲಿ ಬಾಯಿ ಎದ್ದು ನಿಂತು ಉಮಾನಾಥರ ಚೀಟಿಯನ್ನು ಮೇಜಿನ ಮೇಲಿಟ್ಟಳು. "ನನ್ನ ಕೈ ತಪ್ಪಿಲ್ಲ. ಸಣ್ಣದು ಮಾಡಿ ಅಂದರು, ಮಾಡಿದೆ."

ಉಮಾನಾಥರು ಇಂಗು ತಿಂದ ಮಂಗನಂತಾದರು. ನನಗೆ ಒಳಗೊಳಗೇ ಖುಷಿ.

ಆಗ ಹಿಂದಿನ ಬೆಂಚಿನಿಂದ ಲೀಲಾಧರನ ಹೆಂಡತಿ ಸರಸ ಎದ್ದಳು. "ಸಣ್ಣದು ಮಾಡಿದರೆ ಆ ಪಂಪ್ ಇಡುವುದಿಲ್ಲ ಅಂತ ನಿಮಗೆ ಗೊತ್ತಿತ್ತಾ ಬಾಯಿ?"

"ಗೊತ್ತಿತ್ತು."

"ಕೈತಪ್ಪು ಅಂತ ಹೇಳಿದ್ದರೆ ನಾನು ಕ್ಷಮಿಸುತ್ತಿದ್ದೆ."

ಡುಲ್ಸಿನ್ ಬಾಯಿ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೆಲಸ ಹೋಯಿತು. ಆಮೇಲೆ ಕಾಪು ಪೇಟೆಯಲ್ಲಿ ಅರ್ಜಿ ಟೈಪ್ ಮಾಡಿಕೊಡುತ್ತಾ ಬದುಕಿದಳು. ಅಲ್ಲಿಯೂ ಒಂದು ತಪ್ಪು ಇರಲಿಲ್ಲವಂತೆ. ಗೊತ್ತಿದ್ದೂ ಒಂದೇ ಪಂಪ್ ಕೊಟ್ಟ ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ. ರಿಟೈರ್ ಆಗುವವರೆಗೆ ಸ್ಟೋರಿನಲ್ಲೇ ಇದ್ದೆ.