ಅಕ್ಕನ ರಕ್ತ, ನನ್ನ ರಕ್ತ

ಬೆಳಗ್ಗೆ ಎದ್ದಾಗ ಅಕ್ಕನಿಗೆ ಮೊಣಕಾಲು ಮಡಚಲು ಆಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದೇ ಅಕ್ಕ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಇದು ಯಾವ ಬಗೆಯ ನೋವು ಎಂದು ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ನಾವು ಬನಶಂಕರಿಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಅವಳಿಗೆ ಹನ್ನೆರಡು, ನನಗೆ ಹತ್ತು. ಅವಳು ಮೆಟ್ಟಿಲುಗಳನ್ನು ಕೂತುಕೊಂಡೇ ಇಳಿಯುತ್ತಿದ್ದಳು. ಶಾಲೆಗೆ ದಿನವೂ ತಡ. "ಬೆಳಗ್ಗೆ ಮಾತ್ರ ನೋವು ಬರತ್ತಾ ನಿಂಗೆ? ಆಟದ ಪೀರಿಯಡ್‌ಗೆ ಸರಿಹೋಗ್ಬಿಡತ್ತಾ?" ಎಂದು ಅವಳ ಕ್ಲಾಸ್ ಮಿಸ್ ಎಲ್ಲರೆದುರು ಕೇಳಿದರು. ಆಮೇಲೆ ಅಮ್ಮನಿಗೂ ಸಣ್ಣ ಅನುಮಾನ ಹತ್ತಿತು.

ಮಣಿಕಟ್ಟು ಊದಿಕೊಂಡ ಮೇಲೆ ಜಯನಗರದ ನಮ್ಮ ಮಾಮೂಲಿ ಡಾಕ್ಟರು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಮಕ್ಕಳ ಡಾಕ್ಟರು ಅಕ್ಕನ ಕೀಲುಗಳನ್ನೆಲ್ಲ ಮೆಲ್ಲಗೆ ಒತ್ತಿ ನೋಡಿ, "ಇದು ಸಂಧಿವಾತ" ಎಂದರು.

"ಅದು ನಮ್ಮತ್ತೆಗಿದೆ ಡಾಕ್ಟ್ರೇ. ಇವಳಿನ್ನೂ ಮಗು!" ಎಂದಳು ಅಮ್ಮ.

"ಮಕ್ಕಳಿಗೂ ಬರತ್ತೆ. ಇದು ವಯಸ್ಸಾಗಿ ಕೀಲು ಸವೆದು ಬಂದಿದ್ದಲ್ಲ. ಸೋಂಕು ಬಂದಾಗ ಕೆಲಸ ಮಾಡ್ಬೇಕಾದ ಬಿಳಿ ರಕ್ತಕಣಗಳು ಸುಮ್ಸುಮ್ನೆ ಕೀಲೊಳಗೆ ಸೇರ್ಕೊಂಡು ಊತ ತರ್ತಿವೆ. ರಾತ್ರಿ ಅಲ್ಲಾಡದೆ ಮಲಗಿರ್ತಾಳಲ್ಲ, ಅದಕ್ಕೆ ಬೆಳಗ್ಗೆ ಬಿಗಿತ. ಓಡಾಡಿದ್ಮೇಲೆ ಸಡಿಲ ಆಗತ್ತೆ."

ಅಕ್ಕ ಅಮ್ಮನ ಕಡೆ ತಿರುಗಿದಳು. "ಕೇಳಿಸ್ತಾ? ನಾನು ನಾಟಕ ಆಡ್ತಿರ್ಲಿಲ್ಲ." ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ವಾರಕ್ಕೊಮ್ಮೆ ನುಂಗುವ ಮಾತ್ರೆ ಶುರುವಾಯಿತು. ನುಂಗಿದ ಮರುದಿನವೆಲ್ಲ ಅವಳಿಗೆ ಹೊಟ್ಟೆ ತೊಳಸುತ್ತಿತ್ತು, ಬರೀ ಮಜ್ಜಿಗೆ ಅನ್ನ. ಆದರೆ ಅವಳಿಗೆ ಇದ್ದ ಚಿಂತೆಯೇ ಬೇರೆ. ಒಂದು ಸಂಜೆ ನನ್ನನ್ನು ಕೇಳಿದಳು, "ನನ್ ರಕ್ತಾನೇ ಕೆಟ್ಟಿದೆಯೇನೋ, ಅಲ್ವೇನೇ?"

ಅದೇ ಆಸ್ಪತ್ರೆಯಲ್ಲಿ ಈ ಕಾಯಿಲೆಯ ಮಕ್ಕಳ ರಕ್ತಕಣಗಳ ಮೇಲೆ ಸಂಶೋಧನೆ ನಡೆಯುತ್ತಿತ್ತು. ಹೋಲಿಸಿ ನೋಡಲು ಆರೋಗ್ಯವಂತ ಮಕ್ಕಳ ರಕ್ತವೂ ಬೇಕಿತ್ತು. ನಮ್ಮಿಬ್ಬರ ರಕ್ತವನ್ನೂ ಕೊಡಲು ಅಪ್ಪ ಅಮ್ಮ ಒಪ್ಪಿದರು. "ನಿಂಗಿಷ್ಟ ಇದ್ರೆ ಮಾತ್ರ" ಎಂದರು ಡಾಕ್ಟರು. ನಾನು ಹೂಂ ಎಂದೆ, ಆದರೆ ಸೂಜಿ ನೋಡಿದ ಕೂಡಲೇ ಕೈ ಹಿಂದಕ್ಕೆಳೆದುಕೊಂಡೆ. ಅಕ್ಕ ಪಕ್ಕದಲ್ಲಿ ಕೂತು, "ನನ್ ಕೈ ಹಿಡ್ಕೋ. ಗಟ್ಟಿಯಾಗಿ ಬೇಡ, ನೋಯತ್ತೆ" ಎಂದಳು. ಅವಳ ಬೆರಳು ನೋಯದಂತೆ ಹಿಡಿಯುವ ಗಮನದಲ್ಲಿ ಸೂಜಿ ಹೋಗಿದ್ದು, ಬಂದಿದ್ದು ತಿಳಿಯಲೇ ಇಲ್ಲ.

ಮುಂದಿನ ಸಲ ಹೋದಾಗ ಸಂಶೋಧನೆ ಮಾಡುತ್ತಿದ್ದ ಯುವತಿಯೊಬ್ಬರು ನಮ್ಮಿಬ್ಬರನ್ನೂ ಲ್ಯಾಬಿಗೆ ಕರೆದೊಯ್ದರು. ಕಂಪ್ಯೂಟರ್ ಪರದೆಯ ಮೇಲೆ ಎರಡು ಚಿತ್ರ. ಎರಡರಲ್ಲೂ ಪುಡಿ ಚೆಲ್ಲಿದ ಹಾಗೆ ಚುಕ್ಕಿಗಳು. ಒಂದೊಂದು ಚುಕ್ಕಿ ಒಂದೊಂದು ಕಣ. ಎಡಗಡೆಯದು ಅಕ್ಕನದು, ಬಲಗಡೆಯದು ನನ್ನದು.

"ಈ ಮೂಲೇಲಿ ನಿಂದು ಸ್ವಲ್ಪ ದಟ್ಟವಾಗಿದೆ ನೋಡು. ಇವು ಊತ ಎಬ್ಬಿಸೋ ಕಣಗಳು. ಇವನ್ನ ಸಾಕು ಅಂತ ಸುಮ್ನಾಗಿಸೋ ಕಣಗಳು ಬೇರೆ ಇರ್ತವೆ. ಅವೆರಡೂ ಹೇಗೆ ಬದಲಾಗ್ತವೆ ಅಂತಾನೇ ನಾವು ಹುಡುಕ್ತಿರೋದು" ಎಂದು ಅವರು ಅಕ್ಕನಿಗೆ ಹೇಳಿದರು.

ಅಕ್ಕ ಪರದೆಗೆ ಮುಖ ತಾಗುವಷ್ಟು ಬಾಗಿದಳು. "ಸುಮ್ನಾಗಿಸೋವು ನನ್ನಲ್ಲೂ ಇದ್ಯಾ?"

"ಇವೆಯಲ್ಲ! ನೋಡು, ಇಲ್ಲಿ."

ಅವರು ತೋರಿಸಿದ ಜಾಗವನ್ನು ಅವಳು ಬಹಳ ಹೊತ್ತು ನೋಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ, ನಾನು ಏನೂ ಕೇಳದಿದ್ದರೂ, "ನನ್ನಲ್ಲೂ ಇದ್ಯಂತೆ ಕಣೇ" ಎಂದು ಹೇಳಿದಳು.

ತಿಂಗಳುಗಳು ಕಳೆದಂತೆ ಬೆಳಗಿನ ಬಿಗಿತ ಸಡಿಲವಾಯಿತು. ಒಂದು ಬೆಳಗ್ಗೆ ಅವಳು ಹಾಸಿಗೆಯಲ್ಲಿಲ್ಲವೆಂದು ಅಮ್ಮ ಗೇಟಿನವರೆಗೂ ಹುಡುಕಿಕೊಂಡು ಓಡಿದರೆ, ಅಕ್ಕ ಹಾಲಿನ ಪ್ಯಾಕೆಟ್ ಹಿಡಿದು ಎದುರಿಗೆ ನಡೆದು ಬರುತ್ತಿದ್ದಳು. ಮತ್ತೆ ತೆಗೆದ ರಕ್ತದ ಚಿತ್ರದಲ್ಲಿ ಆ ಮೂಲೆ ಕೊಂಚ ತೆಳುವಾಗಿತ್ತು. ಒಬ್ಬಳ ಚಿತ್ರ ನೋಡಿ ಏನೂ ತೀರ್ಮಾನ ಮಾಡಬಾರದು ಎಂದು ಸಂಶೋಧಕಿ ಎಚ್ಚರಿಸಿದರು. ತನ್ನ ರಕ್ತ ಕೆಟ್ಟಿಲ್ಲವೆಂದು ಅಕ್ಕ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು.

ಕಾಯಿಲೆ ಪೂರ್ತಿ ಹೋಗಲಿಲ್ಲ. ಪಿಯುಸಿಯಲ್ಲಿ ಒಮ್ಮೆ ಮಣಿಕಟ್ಟು ಮತ್ತೆ ಊದಿತು, ಔಷಧಿ ಬದಲಾಯಿತು. ಈ ಕಾಯಿಲೆ ಕಣ್ಣಿನೊಳಗೂ ಊತ ತರಬಹುದಾದ್ದರಿಂದ ಕಣ್ಣಿನ ತಪಾಸಣೆ ತಪ್ಪಿಸುವಂತಿರಲಿಲ್ಲ. ಡಿಗ್ರಿಗೆ ಬಂದ ವರ್ಷ ಅವಳು ಜೆಪಿ ನಗರದ ಖಾಲಿ ರಸ್ತೆಯೊಂದರಲ್ಲಿ ಅಪ್ಪನ ಸ್ಕೂಟರ್ ಕಲಿತಳು. ಬ್ರೇಕಿನ ಹಿಡಿ ತನ್ನ ಮಣಿಕಟ್ಟಿಗೆ ಬಿಗಿಯಾಗಿದೆಯೆಂದು ತಾನೇ ಮೆಕ್ಯಾನಿಕ್‌ಗೆ ಹೇಳಿ ಸಡಿಲ ಮಾಡಿಸಿಕೊಂಡಳು. ನಾನು ಅನುಮಾನಿಸುತ್ತ ನಿಂತಿದ್ದೆ.

"ಕೂತ್ಕೊಳ್ತೀಯೋ, ಬಸ್ಸಲ್ಲಿ ಬರ್ತೀಯೋ?" ಎಂದಳು.

ಕೂತೆ. ಅವಳು ಆ ರಸ್ತೆಯ ಕೊನೆಯವರೆಗೂ ಹೋಗಿ, ನಿಲ್ಲಿಸದೆ, ಜಯನಗರದ ಕಡೆಯ ವಾಹನ ತುಂಬಿದ ರಸ್ತೆಗೆ ತಿರುಗಿಸಿದಳು.