ಪಡಸಾಲೆಯ ಕೆಂಪು ಶಾಲು

ದೆವ್ವ ಕಂಡೆ ಎನ್ನುವವರನ್ನು ನೋಡಿದರೆ ನನಗೆ ನಗು ಬರುತ್ತಿತ್ತು. ಈಗ ನಗುವುದಿಲ್ಲ. ಹಾಗೆಂದು ನಂಬಿಕೆ ಬಂದಿದೆ ಎಂದಲ್ಲ, ಬಂದಿರುವುದು ಬರೀ ಸಿಟ್ಟು.

ಕೊರೊನಾದ ಎರಡನೇ ಚಳಿಗಾಲ. ವಿದೇಶದ ಗ್ರೋನಿಂಗನ್ ಎಂಬ ಊರಿನಲ್ಲಿ ಸಿನಿಮಾ ಕುರಿತು ಎಂ.ಎ. ಮಾಡುತ್ತಿದ್ದೆ. ಹಳೆಯ ಸ್ಪ್ಯಾನಿಷ್ ಹಾರರ್ ಚಿತ್ರಗಳ ಬಣ್ಣ, ಬೆಳಕು ನನ್ನ ಪ್ರಬಂಧದ ವಿಷಯ. ಹಾಳುಬಿದ್ದ ಮಠಗಳು, ಹಗಲಲ್ಲೇ ತೆಗೆದು ನೀಲಿ ಬಳಿದು ರಾತ್ರಿಯೆಂದು ನಂಬಿಸುವ ದೃಶ್ಯಗಳು, ಓಕುಳಿಯಂಥ ರಕ್ತ. ಆ ಸುಳ್ಳು ಅಂದಕ್ಕೆ ನಾನು ಮರುಳಾಗಿಹೋಗಿದ್ದೆ.

ಲೈಬ್ರರಿ ಮುಚ್ಚಿತ್ತು. ಸಿನಿಮಾಗಳನ್ನು ಅವರ ವೆಬ್‌ಸೈಟಿನಲ್ಲೇ ನೋಡಬೇಕು, ಸ್ಕ್ರೀನ್‌ಶಾಟ್ ತೆಗೆದರೆ ಬರೀ ಕಪ್ಪು. ಹಾಗಾಗಿ ಮುಖ್ಯವಾದ ಶಾಟುಗಳನ್ನು ಪೆನ್ಸಿಲ್ಲಿನಲ್ಲಿ ಬಿಡಿಸಿ, ಪಕ್ಕದಲ್ಲಿ ನಿಮಿಷ, ಸೆಕೆಂಡು ಬರೆದಿಡುತ್ತಿದ್ದೆ.

ಒಂದು ಮಧ್ಯಾಹ್ನ ಆ ಶಾಟ್ ಬಂತು. ಮಠದ ನೀಲಿ ಪಡಸಾಲೆ, ಕೊನೆಯಲ್ಲಿ ಕೆಂಪು ಶಾಲು ಹೊದ್ದು ನಮಗೆ ಬೆನ್ನು ಹಾಕಿ ನಿಂತ ಹೆಂಗಸು. ದೀಪ ಇಡಲು ಬಗ್ಗಿದಳು. ಗೋಡೆಯ ಮೇಲಿನ ನೆರಳು ಬಗ್ಗಲಿಲ್ಲ. ಎಂಥ ಟ್ರಿಕ್ಕಪ್ಪಾ ಎಂದುಕೊಂಡು ಗಡಿಬಿಡಿಯಲ್ಲಿ ಬಿಡಿಸಿಕೊಂಡೆ. ಒಂದಿಡೀ ಅಧ್ಯಾಯವನ್ನೇ ಅದರ ಮೇಲೆ ಕಟ್ಟಿದೆ.

ಎರಡು ವಾರದ ನಂತರ ವಿಡಿಯೋ ಕಾಲ್‌ನಲ್ಲಿ ನನ್ನ ಗೈಡ್, ಆ ಶಾಟ್ ಸಿನಿಮಾದಲ್ಲೇ ಇಲ್ಲ, ಕಲ್ಪಿಸಿಕೊಂಡು ಬರೆದೆಯಾ ಎಂದು ಕೇಳಿದರು. ಮೈಯೆಲ್ಲ ಉರಿಯಿತು. ಅವರೆದುರೇ ಸಿನಿಮಾ ಹಾಕಿದೆ. ಅದೇ ನಿಮಿಷ, ಅದೇ ಸೆಕೆಂಡು. ಪಡಸಾಲೆ ಇತ್ತು, ಖಾಲಿ. ಫೈಲ್ ಬದಲಾಗಿಲ್ಲ ಎಂದು ಲೈಬ್ರರಿಯವರೂ ಬರೆದರು.

ಆ ಶಾಟ್ ಬಂದ ಮಧ್ಯಾಹ್ನ ನನ್ನ ಪಕ್ಕದಲ್ಲೇ ಕೂತು ಕಿತ್ತಳೆ ತಿನ್ನುತ್ತಿದ್ದ ರೂಮ್‌ಮೇಟ್ ಶೈಲಾ ಹುಬ್ಬಳ್ಳಿಯವಳು, ಮಣ್ಣಿನ ಸಂಶೋಧಕಿ. ಅವಳನ್ನು ಕೇಳಿದೆ.

"ನಾನೂ ನೋಡೇನಲ್ಲ! ದೀಪಾ ಇಟ್ಟು ಈ ಕಡೆ ತಿರುಗಿದ್ಲು. ಅಕಿ ಮಾರಿ ನೋಡಿ ನನಗ ಅಂಜಿಕಿ ಬಂತು."

"ಅವ್ಳು ತಿರುಗ್ಲೇ ಇಲ್ಲ ಕಣೇ!"

"ನೀ ತಲಿ ಬಗ್ಗಿಸಿ ಚಿತ್ರಾ ಬಿಡ್ಸಾಕತ್ತಿದ್ದಿ. ಅಕಿ ನಿನ್ನ ನೋಡ್ಕೋತ ನಿಂತಿದ್ಲು."

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ಸಿನಿಮಾ ಅಲ್ಲೇನು? ಏನ್ ಹೇಳೂದು?"

ರೂಮ್‌ಮೇಟ್ ಮಾತನ್ನು ಅಡಿಟಿಪ್ಪಣಿಗೆ ಹಾಕಲು ಬರುತ್ತದೆಯೇ? ಅಧ್ಯಾಯವನ್ನು ಕಿತ್ತುಹಾಕಿದೆ. ಪಾಸಾದೆ. ಆದರೆ ಗೈಡ್ ಆಮೇಲೆ ನನ್ನ ಒಂದೊಂದು ಸಾಲನ್ನೂ ಅನುಮಾನದಿಂದಲೇ ಓದಿದರು.

ಈಗಲೂ ಆಗಾಗ ಆ ಸಿನಿಮಾ ಹಾಕುತ್ತೇನೆ, ಕೈಯಲ್ಲಿ ಏನೂ ಹಿಡಿಯದೆ, ಕಣ್ಣು ಮಿಟುಕಿಸದೆ. ಖಾಲಿ. ಅದು ಏನಾಗಿತ್ತು ಎಂದು ಯಾರೂ ವಿವರಿಸದಿದ್ದರೂ ಸರಿ. ಅವಳು ನನ್ನನ್ನು ನೋಡುತ್ತಿದ್ದಾಗ ನಾನೊಮ್ಮೆ ತಲೆ ಎತ್ತಬೇಕಿತ್ತು.