ಕುಕ್ಕರ್ ಅಣ್ಣ ಲಾಗ್ ಕುಗ್ಗಿಸಿದ ಬೆಳಿಗ್ಗೆ

ಸರ್ವರ್‌ಗೆ ದೊಡ್ಡ ಡಿಸ್ಕ್ ಬೇಕೆಂದು ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. ರಕ್ತಪರೀಕ್ಷೆ ಲ್ಯಾಬಿನ ಮ್ಯಾನೇಜರ್ ಡಿಸ್ಕ್ ತರಿಸಲಿಲ್ಲ, ಕಾಯುವ ಜಾಗಕ್ಕೆ ಮೆತ್ತನೆಯ ಕುರ್ಚಿ ತರಿಸಿದ. ಆ ಕುರ್ಚಿಗಳನ್ನು ಕಂಡರೆ ಅವನಿಗೆ ಇವತ್ತಿಗೂ ಮೈ ಉರಿಯುತ್ತದೆ. ಕೂತವರದ್ದೇನೂ ತಪ್ಪಿಲ್ಲವೆಂದು ಗೊತ್ತು, ಆದರೂ ಉರಿಯುತ್ತದೆ.

ಅವನು ಆ ಲ್ಯಾಬಿಗೆ ಬಂದದ್ದು ವೈರಿಂಗ್ ಕೆಲಸಕ್ಕೆ. ಓದಿಗೆ ಎಂಟನೇ ಕ್ಲಾಸಿನಲ್ಲೇ ಕೈ ಮುಗಿದಿದ್ದ. ಸರ್ವರ್ ನೋಡಿಕೊಳ್ಳುತ್ತಿದ್ದ ಹುಡುಗ ಹೇಳದೆ ಕೇಳದೆ ಕೆಲಸ ಬಿಟ್ಟ ಮೇಲೆ, 'ಕೇಬಲ್ ಎಳೆದವನೇ ನೋಡಿಕೊಳ್ಳಲಿ' ಎಂದರು. ಸಾಫ್ಟ್‌ವೇರ್ ಕಂಪನಿಯವರಿಗೆ ಫೋನ್ ಮಾಡಿ, ಬೈದು, ಬೈಸಿಕೊಂಡು ಕಲಿತ. ಮಾತು ಮಾತಿಗೆ ಸಿಡಿಯುತ್ತಿದ್ದರಿಂದ ಎಲ್ಲರೂ ಅವನನ್ನು ಕುಕ್ಕರ್ ಅಣ್ಣ ಎನ್ನುತ್ತಿದ್ದರು. ಅವನು ಬಾಗಿಲಲ್ಲಿ ಕಾಣಿಸಿದರೆ ರಕ್ತ ತೆಗೆಯುವ ದೊಡ್ಡಮ್ಮ, "ಎಷ್ಟನೇ ವಿಷಲ್ಲಪ್ಪಾ ಇದು?" ಎಂದು ಕೇಳುವಳು. ಅವಳೊಬ್ಬಳ ಮಾತಿಗೆ ಅವನು ನಗುತ್ತಿದ್ದ.

ಆ ಲ್ಯಾಬಿನ ಎಂಟ್ರಿ ಕೌಂಟರಿಗೆ ತಂಗಿಯನ್ನು ಸೇರಿಸಿದವನೂ ಅವನೇ. ಗಂಡನ ಮನೆ ಬಿಟ್ಟು, ಮಗಳನ್ನು ಕರೆದುಕೊಂಡು ಅಣ್ಣನ ಮನೆಯ ಹಿಂದಿನ ಕೋಣೆಗೆ ಬಂದಿದ್ದಳು. ಈ ಕೆಲಸ ಕಾಯಂ ಆದರೆ ಬೇರೆ ಒಂದು ಪುಟ್ಟ ಮನೆ ಮಾಡಬೇಕು, ಅತ್ತಿಗೆಯ ಮುಖ ನೋಡಿ ಸ್ಟವ್ ಹಚ್ಚುವುದು ತಪ್ಪಬೇಕು ಎಂಬುದೇ ಅವಳ ಆಸೆ. ಕೀಬೋರ್ಡ್ ಮುಟ್ಟಲು ಹೆದರುತ್ತಿದ್ದವಳಿಗೆ ಧೈರ್ಯ ಹೇಳಿದ್ದು ಅಣ್ಣನೇ.

"ಹೆದರ್ಬೇಡ ಕಣೇ. ನೀನು ಏನೇ ಬರೆದ್ರೂ, ಏನೇ ಅಳಿಸಿದ್ರೂ ಮೊದಲು ಲಾಗ್ ಫೈಲ್ ಅನ್ನೋ ದಿನಚರಿಗೆ ಹೋಗುತ್ತೆ. ಅರ್ಧ ಗಂಟೆಗೊಂದ್ಸಲ ಅದರ ಬ್ಯಾಕಪ್ ಆಗ್ತಿರುತ್ತೆ. ತಪ್ಪಾದ್ರೆ, ತಪ್ಪಾಗೋ ಮುಂಚಿನ ನಿಮಿಷಕ್ಕೆ ವಾಪಸ್ ತರ್ತೀನಿ. ನಾನಿದೀನಲ್ಲ!"

ಒಂದು ಬೆಳಿಗ್ಗೆ ಬಾಗಿಲು ತೆರೆದು ಸ್ವಲ್ಪ ಹೊತ್ತಾಗಿತ್ತು. ಡಿಸ್ಕ್ ತುಂಬಿ ಕೆಂಪು ಗೆರೆ ಬಂದಿತ್ತು. ಹಿಂದಿನ ದಿನ ದೊಡ್ಡ ಕೆಲಸವೊಂದನ್ನು ಓಡಿಸಿದ್ದರಿಂದ ಲಾಗ್ ಫೈಲ್ ಹೊಟ್ಟೆ ಬಿರಿಯುವಷ್ಟು ಬೆಳೆದಿತ್ತು. ಮಾಡಬೇಕಾದ್ದು ಇಷ್ಟೇ: ಮುಂದಿನ ಬ್ಯಾಕಪ್ ಆಗುವ ತನಕ ಕಾಯುವುದು, ಅದರಿಂದ ಫೈಲಿನೊಳಗೆ ಖಾಲಿಯಾದ ಜಾಗವನ್ನು ಕತ್ತರಿಸುವುದು, ದಿನದ ಕೆಲಸಕ್ಕೆ ಸಾಕಾಗುವಷ್ಟು ಅಳತೆ ಬಿಡುವುದು. ಇದೆಲ್ಲ ಅವನಿಗೆ ಬಾಯಿಪಾಠ. ಆದರೆ ಕಾಯುವುದು ಅವನ ಜಾತಕದಲ್ಲೇ ಇರಲಿಲ್ಲ. ಆಚೆಯಿಂದ ಮ್ಯಾನೇಜರ್, "ಏನಯ್ಯಾ, ಸಿಸ್ಟಮ್ ತೆವಳ್ತಾ ಇದೆ!" ಎಂದು ಕೂಗಿದ್ದೇ ತಡ, ಡಿಸ್ಕ್ ಕೊಡದ ಸಿಟ್ಟೆಲ್ಲ ತಲೆಗೇರಿತು. ಲಾಗನ್ನು ಉಳಿಸಿಕೊಳ್ಳುವ ಸೆಟ್ಟಿಂಗ್‌ನಿಂದ ಡೇಟಾಬೇಸನ್ನು ತೆಗೆದು, ಲಾಗನ್ನು ಎಸೆಯುವ ಸೆಟ್ಟಿಂಗ್‌ಗೆ ಹಾಕಿದ. ಫೈಲನ್ನು ಒಂದೇ ಏಟಿಗೆ ಅಂಗೈಯಗಲಕ್ಕೆ ಕುಗ್ಗಿಸಿದ. ಮತ್ತೆ ಮೊದಲಿನ ಸೆಟ್ಟಿಂಗ್‌ಗೆ ತಿರುಗಿಸಿದ. ಹಾಗೆ ಮಾಡಿದ ಮೇಲೆ ಇಡೀ ಡೇಟಾಬೇಸಿನ ಹೊಸ ಬ್ಯಾಕಪ್ ತೆಗೆಯಲೇಬೇಕು. ಅದಿಲ್ಲದೆ ಮುಂದಿನ ಲಾಗ್ ಬ್ಯಾಕಪ್ ಒಂದೂ ಆಗುವುದಿಲ್ಲ. 'ಹಾಳಾಗಿ ಹೋಗಲಿ, ಆಮೇಲೆ ನೋಡೋಣ' ಎಂದುಕೊಂಡು ಚಹಾಕ್ಕೆ ಹೋದ. ಆ 'ಆಮೇಲೆ' ಬರಲೇ ಇಲ್ಲ.

ಮಧ್ಯಾಹ್ನ ತಂಗಿ, ಕೈ ಪಳಗಲೆಂದು ತಾನು ಹಾಕಿದ್ದ ಸುಳ್ಳು ಎಂಟ್ರಿಗಳನ್ನು ಅಳಿಸಲು ಹೋಗಿ, ಆ ದಿನದ ಎಲ್ಲ ರೋಗಿಗಳ ಫಲಿತಾಂಶ ಅಳಿಸಿಬಿಟ್ಟಳು. ಕೌಂಟರಿನಾಚೆ ಜನ ತುಂಬಿದ್ದರು. ಅವಳು ಅಣ್ಣನನ್ನು ಕರೆದಾಗ ಮುಖದಲ್ಲಿ ಅಷ್ಟೇನೂ ಭಯವಿರಲಿಲ್ಲ.

ಅವನು ಬಂದವನೇ ಪರದೆ ನೋಡಿ ಸಿಡಿದ. "ಕಣ್ಣೇನು ಮನೇಲಿ ಇಟ್ಟು ಬಂದಿದ್ಯಾ? ನಿನ್ನಂಥವಳನ್ನ ಇಲ್ಲಿಗೆ ಸೇರಿಸಿದ್ನಲ್ಲ, ನನ್ನ ಚಪ್ಪಲೀಲಿ ನಾನೇ ಹೊಡ್ಕೋಬೇಕು! ಗಂಡನ ಮನೇಲೂ ಹೀಗೇ ಮಾಡಿ ಬಂದ್ಯಾ?"

ಕೌಂಟರಿನಾಚೆಯ ಜನ ಇತ್ತ ತಿರುಗಿದರು. ದೊಡ್ಡಮ್ಮ ಸೂಜಿ ಕೆಳಗಿಟ್ಟು, "ಲೇ, ಬಾಯಿ ಮುಚ್ಚು" ಎಂದಳು. ತಂಗಿ ಮಾತ್ರ ಮೆಲ್ಲಗೆ, "ವಾಪಸ್ ತರ್ತೀನಿ ಅಂದಿದ್ಯಲ್ಲ ಅಣ್ಣಾ, ತಂದ್ಬಿಡು" ಎಂದಳು.

ತರಲು ಕೂತ. ಬೆಳಿಗ್ಗೆ ತಾನು ಕುಗ್ಗಿಸುವ ಮುಂಚಿನ ಲಾಗ್ ಬ್ಯಾಕಪ್ ಇತ್ತು. ಅಲ್ಲಿಂದಾಚೆ ಒಂದೂ ಇರಲಿಲ್ಲ. ಪ್ರತಿ ಅರ್ಧ ಗಂಟೆಗೂ 'ಆಗಲಿಲ್ಲ, ಆಗಲಿಲ್ಲ' ಎಂದು ಯಂತ್ರ ಹೇಳುತ್ತಲೇ ಬಂದಿತ್ತು, ಕೇಳಬೇಕಾದವನು ಕೇಳಿರಲಿಲ್ಲ.

ಬೆಳಗಿನ ರಕ್ತದ ಮಾದರಿಗಳನ್ನು ಆಗಲೇ ಎಸೆದಾಗಿತ್ತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಮನೆಗೆ ಹೋಗಿ ಉಂಡಿದ್ದ ಮುದುಕರನ್ನೆಲ್ಲ ಮಾರನೆಯ ದಿನ ಮತ್ತೆ ಉಪವಾಸ ಬರಹೇಳಬೇಕಾಯಿತು. ಬಂದವರು ಕೌಂಟರಿಗೆ ಶಾಪ ಹಾಕಿದರು. ಶಾಪವೆಲ್ಲ ತಂಗಿಯ ಪಾಲಿಗೇ ಬಂತು.

ಅವನು ಮ್ಯಾನೇಜರ್ ಕೋಣೆಗೆ ಹೋಗಿ ಹೇಳಲಿಲ್ಲವೆಂದಲ್ಲ. "ಸಾರ್, ಅವಳು ಅಳಿಸಿದ್ದು ನಿಜ. ಆದ್ರೆ ವಾಪಸ್ ತರೋ ದಾರಿ ಮುಚ್ಚಿದ್ದು ನಾನು."

ಮ್ಯಾನೇಜರ್ ಎದ್ದು ಬಾಗಿಲು ಹಾಕಿದ. "ಇದು ಈ ಕೋಣೇಲೇ ಇರಲಿ. ನಿನ್ನನ್ನ ಕಳಿಸಿದ್ರೆ ಸರ್ವರ್ ಯಾರು ನೋಡ್ಕೋತಾರೆ, ನಾನಾ? ಒಬ್ರಂತೂ ಹೋಗ್ಲೇಬೇಕು."

ಊರಿಗೆಲ್ಲ ಕೇಳುವಂತೆ ಕೂಗಾಡುವವನ ಬಾಯಿಗೆ ಅಲ್ಲಿ ಬೀಗ ಬಿತ್ತು. ಹೊರಗೆ ಬಂದಾಗ ತಂಗಿ ಟಿಫಿನ್ ಡಬ್ಬಿಯನ್ನು ಚೀಲಕ್ಕೆ ಹಾಕುತ್ತಿದ್ದಳು. ಅವನು ಸರ್ವರ್ ಕೋಣೆಗೆ ಹೋಗಿ ಬಾಗಿಲೆಳೆದುಕೊಂಡ.

ಆ ವಾರವೇ ಮನೆಯಲ್ಲಿ, ಹೆಂಡತಿ ಆಚೆ ಹೋದಾಗ, ತಂಗಿಗೆ ಎಲ್ಲ ಹೇಳಿದ. ಅವಳು ಮಗಳ ಜಡೆ ಹಾಕುತ್ತಿದ್ದಳು. ಜಡೆ ಮುಗಿಸಿ ಮಗಳನ್ನು ಆಡಲು ಕಳಿಸಿದ ಮೇಲೆಯೇ ಮಾತಾಡಿದಳು.

"ಗೊತ್ತಿತ್ತು. ಪರದೆ ನೋಡ್ತಾ ನೋಡ್ತಾ ನಿನ್ನ ಬಣ್ಣ ಇಳಿದುಹೋಯ್ತಲ್ಲ, ಆಗಲೇ ಗೊತ್ತಾಯ್ತು. ಕೆಲಸ ಹೋಯ್ತು, ಹೋಗ್ಲಿ. ಬೈದದ್ದು ಎಲ್ಲರೆದುರಿಗೆ ಅಣ್ಣಾ. ನನಗೊಬ್ಬಳಿಗೆ ಹೇಳಿದ್ರೆ ಹೇಗೆ ತೀರುತ್ತೆ?"

"ನಾಳೆ ಕೌಂಟರಲ್ಲೇ ಹೇಳ್ತೀನಿ."

"ಹೇಳು" ಎಂದಳು.

ಆ 'ನಾಳೆ' ಬಂದಾಗ ಕೌಂಟರಿನಲ್ಲಿ ಜನ ಜಾಸ್ತಿಯಿದ್ದರು. ಅದರ ಮರುದಿನ ಮ್ಯಾನೇಜರ್ ಅಲ್ಲೇ ನಿಂತಿದ್ದ. ಆಮೇಲೆ ಕಾರಣ ಹುಡುಕುವುದೂ ನಿಂತಿತು. ದೊಡ್ಡಮ್ಮ ವಿಷಲ್ ಎಣಿಸುವುದನ್ನು ಬಿಟ್ಟಳು, ಮುಂದಿನ ವರ್ಷ ನಿವೃತ್ತಳಾದಳು. ಅವತ್ತು ಬೈಗುಳ ಕೇಳಿಸಿಕೊಂಡಿದ್ದ ಪಕ್ಕದ ಕೌಂಟರಿನ ಹುಡುಗಿ ಮದುವೆಯಾಗಿ ಬೇರೆ ಊರು ಸೇರಿದಳು. ತಂಗಿ ಲಾಂಡ್ರಿಯೊಂದರಲ್ಲಿ ಹೊದಿಕೆ ಮಡಿಸುವ ಕೆಲಸ ಹಿಡಿದು, ಎಷ್ಟೋ ಕಾಲದ ಮೇಲೆ ಒಂದು ಕೋಣೆ ಮಾಡಿದಳು. ಅವನು ಹೋದರೆ ಕೂರಿಸುತ್ತಾಳೆ, ನೀರು ಕೊಡುತ್ತಾಳೆ, ಅತ್ತಿಗೆ ಹೇಗಿದ್ದಾರೆ ಎಂದು ವಿಚಾರಿಸುತ್ತಾಳೆ. ಹೇಳಿದೆಯಾ ಎಂದು ಒಂದು ದಿನವೂ ಕೇಳಿಲ್ಲ.

ಅವನು ಈಗಲೂ ಅದೇ ಲ್ಯಾಬಿನಲ್ಲಿದ್ದಾನೆ. ಕೌಂಟರಿನಲ್ಲಿ ಕೂರುವವರೆಲ್ಲ ಹೊಸಬರು. ಅವನ ತಂಗಿ ಅಲ್ಲಿ ಕೆಲಸಕ್ಕಿದ್ದಳೆಂಬುದೇ ಅವರಲ್ಲಿ ಒಬ್ಬರಿಗೂ ತಿಳಿಯದು.